ಸಂಗೀತಕ್ಕೆ ಬಣ್ಣ ಇಲ್ಲ ಅಂದವರಿಗೆ ಒಂದು ಬಹಿರಂಗ ಪತ್ರ

ಗೆಳೆಯರೇ,

ಟ್ರ್ಯಾಕ್ ಕಟ್ಟುವವರು, ಡಿಜೆ ಮಾಡುವವರು, ಇದ್ಯಾವುದೂ ಇಲ್ಲದೆ ಹೆಡ್‌ಫೋನ್ ಹಾಕಿಕೊಂಡು ಬೆಳಗಿನ ಜಾವದವರೆಗೆ ಸುಮ್ನೆ ಕೇಳುವವರು, ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಆದರೆ ಮುಖ್ಯವಾಗಿ ಇದು ಹೋದ ತಿಂಗಳ ಜಗಳದಲ್ಲಿ "ಸಂಗೀತಕ್ಕೆ ಬಣ್ಣ ಇಲ್ಲ, ಜನಾಂಗದ ಮಾತು ಇಲ್ಲಿ ಬೇಡ" ಅಂದವರಿಗೆ. ನಿಮ್ಮಲ್ಲಿ ಜಾಸ್ತಿ ಜನ ಕೆಟ್ಟವರಲ್ಲ. ಕೆಲವರ ಜೊತೆ ನಾನು ವರ್ಷಗಟ್ಟಲೆ ಫೈಲ್ ಹಂಚಿಕೊಂಡಿದ್ದೇನೆ, ಒಬ್ಬರ ಮಿಕ್ಸ್ ಇನ್ನೊಬ್ಬರು ತಿದ್ದಿದ್ದೇವೆ. ಅದಕ್ಕೇ ಹೆಸರು ಹಿಡಿದು ಬೈಯುವ ಬದಲು ಪತ್ರ ಬರೆಯೋಣ ಅನ್ನಿಸಿತು.

ನಡೆದದ್ದು ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಬಳಗದ ಒಬ್ಬರು ಒಂದು ಪಟ್ಟಿ ಮಾಡಿದರು. ಟೆಕ್ನೋ, ಅಂದರೆ ಮಷಿನ್‌ಗಳಿಂದ ಕಟ್ಟುವ ಕುಣಿತದ ಸಂಗೀತ, ಕೇಳಲು ಶುರು ಮಾಡುವವರು ಕೇಳಲೇಬೇಕಾದ ಇಪ್ಪತ್ತು ಮಂದಿ. ಆ ಇಪ್ಪತ್ತರಲ್ಲಿ ಕಪ್ಪು ಜನಾಂಗದವರು ಒಬ್ಬರೂ ಇರಲಿಲ್ಲ. ಟೆಕ್ನೋ ಹುಟ್ಟಿದ ಅಮೆರಿಕದ ಡೆಟ್ರಾಯಿಟ್ ಊರಿನವರೂ ಒಬ್ಬರಿರಲಿಲ್ಲ. ನಮ್ಮಲ್ಲೇ ಇದ್ದ ಒಬ್ಬ ಹಿರಿಯರು, ಸ್ವತಃ ಕಪ್ಪು ಜನಾಂಗದವರು, ತುಂಬ ಮೆತ್ತಗೆ ಹೇಳಿದರು: "ಇದರಲ್ಲಿ ಮನೆ ಕಟ್ಟಿದವರೇ ಕಾಣುತ್ತಿಲ್ಲವಲ್ಲ." ಅಷ್ಟೇ ಅವರು ಹೇಳಿದ್ದು.

ಅದಕ್ಕೆ ಬಂದ ಉತ್ತರಗಳು ನೆನಪಿವೆಯಾ? "ಕಿವಿಗೆ ಬಣ್ಣ ಕಾಣಲ್ಲ." "ಎಲ್ಲದಕ್ಕೂ ಯಾಕೆ ರಾಜಕೀಯ ಬೆರೆಸುತ್ತೀರಿ?" "ಕ್ರಾಫ್ಟ್‌ವರ್ಕ್ ಮೊದಲು ಬಂದದ್ದು, ಅವರು ಜರ್ಮನಿಯವರು, ಮುಗೀತು." (ಎಪ್ಪತ್ತರ ದಶಕದ ಎಲೆಕ್ಟ್ರಾನಿಕ್ ಸಂಗೀತದ ಬ್ಯಾಂಡ್ ಅದು.) ಇನ್ನೊಬ್ಬರು "ನಾನು ಚರ್ಮ ನೋಡಿ ಹಾಡು ಆರಿಸಲ್ಲ" ಅಂದರು, ಅದಕ್ಕೆ ಎಷ್ಟೋ ಜನ ಭೇಷ್ ಅಂದರು. ನಾಲ್ಕನೇ ದಿನ ಆ ಹಿರಿಯರು ಬಳಗ ಬಿಟ್ಟರು. ಬಾಗಿಲು ಬಡಿದು ಹೋಗಲಿಲ್ಲ, ಒಂದು ಮಾತೂ ಆಡದೆ ಹೋದರು. ಐದನೇ ದಿನ ನಾವೆಲ್ಲ ಕಿಕ್ ಡ್ರಮ್‌ಗೆ ಕಂಪ್ರೆಸರ್ (ಸದ್ದಿನ ಏರಿಳಿತ ಹದ ಮಾಡುವ ಸಾಧನ) ಎಷ್ಟು ಹಾಕಬೇಕು ಅಂತ ಚರ್ಚೆ ಮಾಡುತ್ತಿದ್ದೆವು. ನಾನೂ ಮಾಡಿದೆ. ಹಿಂದಿನ ನಾಲ್ಕು ದಿನ ಬಾಯಿ ಬಿಡದವನು ಕಂಪ್ರೆಸರ್ ಬಗ್ಗೆ ಮಾತ್ರ ಉದ್ದುದ್ದ ಬರೆದೆ.

ಆರು ವರ್ಷದ ಹಿಂದೆ ನನಗೆ ಬ್ರೇಕ್, ಅಂದರೆ ಹಾಡಿನಲ್ಲಿ ಡ್ರಮ್ಸ್ ಒಂದೇ ಉಳಿಯುವ ತುಣುಕು, ಕತ್ತರಿಸುವುದನ್ನು ಕಲಿಸಿದವರು ಅವರೇ. ಒಂದು ಡ್ರಮ್ ಲೂಪ್ ತೆಗೆದುಕೊಂಡು, ಕಿಕ್ ಎಲ್ಲಿ, ಸ್ನೇರ್ ಎಲ್ಲಿ, ಎರಡು ಸ್ನೇರ್‌ಗಳ ನಡುವೆ ಪಿಸುಗುಡುವ ಸಣ್ಣ ಪೆಟ್ಟುಗಳು ಎಲ್ಲಿ ಅಂತ ಒಂದೊಂದಾಗಿ ಬಿಡಿಸಿ, ಆಮೇಲೆ ನಮಗೆ ಬೇಕಾದ ಸಾಲಿನಲ್ಲಿ ಮತ್ತೆ ಜೋಡಿಸುವುದು. ಅಭ್ಯಾಸಕ್ಕೆ ಅವರು ಕೊಟ್ಟದ್ದು ಅಮೆನ್ ಬ್ರೇಕ್. ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನುವ ಬಗೆಯ ಸಂಗೀತ ಮಾಡುವವರಿಗೆ ಅದು ಅ ಆ ಇ ಈ ಇದ್ದ ಹಾಗೆ. ಟ್ರ್ಯಾಕ್ ಮುಗಿಸಿ ಖುಷಿಯಿಂದ ಕಳಿಸಿದೆ. ಚೆನ್ನಾಗಿದೆ ಅಂದವರು ಒಂದು ಪ್ರಶ್ನೆ ಕೇಳಿದರು: "ಡ್ರಮ್ಸ್ ನುಡಿಸಿದ್ದು ಯಾರು?" ಅಮೆನ್ ಬ್ರೇಕ್ ಅಂದೆ. "ಅದು ಲೂಪ್‌ನ ಹೆಸರು. ನುಡಿಸಿದವರ ಹೆಸರು?" ನನಗೆ ಗೊತ್ತಿರಲಿಲ್ಲ. ಹುಡುಕಿ ಹೇಳುತ್ತೇನೆ ಅಂದೆ. ಹುಡುಕಲಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

"ಜನಾಂಗದ ಮಾತು ತರಬೇಡಿ" ಅನ್ನುವವರ ತಲೆಯಲ್ಲಿ ಒಂದು ಚಿತ್ರ ಇರುತ್ತದೆ ಅಂತ ನನ್ನ ಅನುಮಾನ. ಸಂಗೀತ ತನ್ನ ಪಾಡಿಗೆ ಕೆರೆಯ ನೀರಿನ ಹಾಗೆ ತಣ್ಣಗಿತ್ತು, ಯಾರೋ ಬಂದು ಅದಕ್ಕೆ ಜನಾಂಗ ಅನ್ನುವ ಕಲ್ಲು ಎಸೆದರು ಅನ್ನುವ ಚಿತ್ರ. ಆ ಕಲ್ಲು ಬಿದ್ದು ಬಹಳ ಕಾಲ ಆಯಿತು ಸ್ವಾಮಿ.

1979ರ ಜುಲೈ 12. ಶಿಕಾಗೋದ ಕಾಮಿಸ್ಕಿ ಪಾರ್ಕ್, ಬೇಸ್‌ಬಾಲ್ ಮೈದಾನ. ಡಿಸ್ಕೋ ಕಂಡರೆ ಆಗದ ಸ್ಟೀವ್ ಡಾಲ್ ಅನ್ನುವ ರೇಡಿಯೋ ನಿರೂಪಕ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದ. ಒಂದು ಡಿಸ್ಕೋ ರೆಕಾರ್ಡ್ ತಂದರೆ 98 ಸೆಂಟ್‌ಗೆ ಟಿಕೆಟ್. ಅವತ್ತು ಎರಡು ಪಂದ್ಯ, ನಡುವಿನ ಬಿಡುವಿನಲ್ಲಿ ಆ ರೆಕಾರ್ಡ್‌ಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಕಿತ್ತು ಹೋಯಿತು, ಎರಡನೇ ಪಂದ್ಯವನ್ನು ಆಡಲಾಗದೆ ಎದುರಾಳಿ ತಂಡಕ್ಕೆ ಬಿಟ್ಟುಕೊಡಬೇಕಾಯಿತು. (ಎದುರಾಳಿ ಡೆಟ್ರಾಯಿಟ್ ತಂಡ. ಏನೂ ಅರ್ಥ ಇಲ್ಲದ ಕಾಕತಾಳೀಯ, ಆದರೂ ನನಗೆ ಪ್ರತಿಸಲ ನಗು ಬರುತ್ತದೆ.) ಅಲ್ಲಿ ಜನರನ್ನು ಸೀಟಿಗೆ ಕೂರಿಸುವ ಕೆಲಸಕ್ಕೆ ಇದ್ದ ಒಬ್ಬ ಕಪ್ಪು ಹುಡುಗನ ಹೆಸರು ವಿನ್ಸ್ ಲಾರೆನ್ಸ್. ಜನ ತಂದ ರಾಶಿಯಲ್ಲಿ ಡಿಸ್ಕೋ ಅಲ್ಲವೇ ಅಲ್ಲದ ರೆಕಾರ್ಡ್‌ಗಳೂ ಇದ್ದವು, ಕಪ್ಪು ಕಲಾವಿದರದು ಅನ್ನುವುದೊಂದೇ ಅವುಗಳ ತಪ್ಪು ಅನ್ನುವ ಅರ್ಥದ ಮಾತನ್ನು ಅವರು ಆಮೇಲೆ ಹಲವು ಸಲ ಹೇಳಿದ್ದಾರೆ. ಡಾಲ್ ಇದನ್ನು ಒಪ್ಪುವುದಿಲ್ಲ, ಅದರಲ್ಲಿ ಜನಾಂಗದ ದ್ವೇಷ ಇರಲಿಲ್ಲ ಅಂತಲೇ ಹೇಳುತ್ತಾ ಬಂದಿದ್ದಾರೆ. ಇರಲಿ. ಒಬ್ಬನ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಬಗೆದು ನೋಡಲು ನನಗೆ ಆಗದು. ರಾಶಿಯಲ್ಲಿ ಏನಿತ್ತು ಅನ್ನುವುದು ಅದನ್ನು ಕಣ್ಣಾರೆ ಕಂಡವನಿಗೆ ಗೊತ್ತು.

ಆ ಹುಡುಗ ಮುಂದೆ ಏನು ಮಾಡಿದ ಗೊತ್ತಾ? 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ಒಂದು ರೆಕಾರ್ಡ್ ತಂದ. ಡಿಸ್ಕೋದಿಂದ ಬೆಳೆದ ಹೌಸ್ ಸಂಗೀತದ ಮೊದಲ ರೆಕಾರ್ಡ್ ಅಂತ ಜಾಸ್ತಿ ಜನ ಹೆಸರಿಸುವುದು ಅದನ್ನೇ. ಹೌಸ್ ಅನ್ನುವ ಹೆಸರಾದರೂ ಎಲ್ಲಿಂದ ಬಂತು? ಶಿಕಾಗೋದ ವೇರ್‌ಹೌಸ್ ಕ್ಲಬ್‌ನಿಂದ. 1977ರಿಂದ ಅಲ್ಲಿ ಫ್ರಾಂಕಿ ನಕಲ್ಸ್ ಡಿಜೆ. ಬರುತ್ತಿದ್ದವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳು. ಬೇರೆ ಕಡೆ ನೆಮ್ಮದಿಯಾಗಿ ಕುಣಿಯುವುದಕ್ಕೂ ಆಗದವರು ತಮಗೆ ಅಂತ ಮಾಡಿಕೊಂಡ ಜಾಗ ಅದು. ಅಂದರೆ ನಾಲ್ಕು ಬೀಟಿಗೂ ಕಿಕ್ ಬೀಳುವ ನಮ್ಮ ಈ ಸಂಗೀತ ಹುಟ್ಟಿದ್ದೇ ಹೊರಗಿಟ್ಟವರ ಕೋಣೆಯಲ್ಲಿ. ಆ ಕೋಣೆಯ ಬಾಗಿಲು ಬಡಿದು "ಇಲ್ಲಿ ಜನಾಂಗದ ಮಾತು ಬೇಡ" ಅನ್ನುವುದು ಎಂಥ ಮಾತು ಅಂತ ಸ್ವಲ್ಪ ಯೋಚಿಸಿ.

ಅದು ಹಳೇ ಕಥೆ ಅನ್ನುತ್ತೀರಾ? ಹಾಗಾದರೆ ಲಂಡನ್. 2005ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸರು ಫಾರ್ಮ್ 696 ಅಂತ ಒಂದು ಅರ್ಜಿ ತಂದರು. ಡಿಜೆ, ಎಂಸಿ (ಮೈಕ್ ಹಿಡಿದು ರ‍್ಯಾಪ್ ಮಾಡುವವರು) ಇರುವ ಕಾರ್ಯಕ್ರಮ ಮಾಡುವವರು ಅದನ್ನು ತುಂಬಿ ಕೊಡಬೇಕು. ಬರುವವರು ಯಾವ ಜನಾಂಗದವರು ಅಂತ ಅದರಲ್ಲಿ ಕೇಳುತ್ತಿದ್ದರು. ಯಾವ ಸಂಗೀತ ಅಂತ ಕೇಳಿ, ಉದಾಹರಣೆಗೆ ಅಂತ ಬ್ಯಾಶ್‌ಮೆಂಟ್, ಆರ್ ಅಂಡ್ ಬಿ, ಗರಾಜ್ ಅಂತ, ಹೆಚ್ಚಾಗಿ ಕಪ್ಪು ಜನರ ಸಂಗೀತಗಳ ಹೆಸರನ್ನೇ ಅವರು ಕೊಟ್ಟಿದ್ದರು. ಗಲಾಟೆಯಾದ ಮೇಲೆ ಜನಾಂಗದ ಪ್ರಶ್ನೆ ತೆಗೆದರು. ಅರ್ಜಿಯೇ ಪೂರ್ತಿ ಹೋದದ್ದು 2017ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಗ್ರೈಮ್, ಗರಾಜ್ ಮಾಡುವ ಎಷ್ಟು ಹುಡುಗರ ಕಾರ್ಯಕ್ರಮ ಕೈತಪ್ಪಿತೋ, ಯಾರು ಲೆಕ್ಕ ಇಟ್ಟರು. ಇಲ್ಲಿ ಸಂಗೀತಕ್ಕೆ ಬಣ್ಣ ಬಳಿದದ್ದು ಕುಣಿಯಲು ಬಂದವರಲ್ಲ. ಬಾಗಿಲಲ್ಲಿ ನಿಂತವರು.

ಈಗ ಕ್ರಾಫ್ಟ್‌ವರ್ಕ್. ಆ ನಾಲ್ಕು ದಿನದಲ್ಲಿ ಎಲ್ಲಕ್ಕಿಂತ ಜೋರಾಗಿ ಬೀಸಿದ ದೊಣ್ಣೆ ಇದೇ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕ್ರಾಫ್ಟ್‌ವರ್ಕ್ ದೊಡ್ಡವರು. ಅದರಲ್ಲಿ ಎರಡು ಮಾತಿಲ್ಲ, ಅವರ ಎಪ್ಪತ್ತರ ದಶಕದ ರೆಕಾರ್ಡ್‌ಗಳನ್ನು ನಾನು ಈಗಲೂ ಕೇಳುತ್ತೇನೆ. ಅವರು ಗೊತ್ತೇ ಇಲ್ಲ ಅಂತ ಡೆಟ್ರಾಯಿಟ್‌ನವರು ಯಾವತ್ತೂ ಹೇಳಲಿಲ್ಲ, ಬದಲಿಗೆ ಅವರ ಹೆಸರನ್ನು ಮೊದಲಿಂದ ಹೇಳಿಕೊಂಡು ಬಂದವರೇ ಡೆಟ್ರಾಯಿಟ್‌ನವರು. ಅಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಅನ್ನುವ ಕಪ್ಪು ರೇಡಿಯೋ ಡಿಜೆ ಇದ್ದರು. ಒಂದೇ ರಾತ್ರಿ ಪಾರ್ಲಿಮೆಂಟ್ ಫಂಕಡೆಲಿಕ್, ಪ್ರಿನ್ಸ್‌ರಂಥ ಕಪ್ಪು ಕಲಾವಿದರ ಹಾಡು, ಕ್ರಾಫ್ಟ್‌ವರ್ಕ್ ಹಾಡು ಎಲ್ಲ ಒಟ್ಟಿಗೆ ಹಾಕುತ್ತಿದ್ದರು. ಅದನ್ನು ಕೇಳಿ ಬೆಳೆದ ಹುವಾನ್ ಆಟ್ಕಿನ್ಸ್, ರಿಕ್ ಡೇವಿಸ್ ಜೊತೆ ಸೇರಿ ಸೈಬೋಟ್ರಾನ್ ಹೆಸರಿನಲ್ಲಿ ಮೊದಲ ರೆಕಾರ್ಡ್ ತಂದದ್ದು 1981ರಲ್ಲಿ. 1985ರಲ್ಲಿ ಮೆಟ್ರೊಪ್ಲೆಕ್ಸ್ ಅನ್ನುವ ಸ್ವಂತ ಲೇಬಲ್. ಡೆಟ್ರಾಯಿಟ್ ಪಕ್ಕದ ಬೆಲ್‌ವಿಲ್‌ನ ಶಾಲೆಯ ಗೆಳೆಯರಾದ ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಜೊತೆಯಾದರು. ಟೆಕ್ನೋ ಅನ್ನುವ ಹೆಸರನ್ನು ಹೊತ್ತುಕೊಂಡು ಒಂದು ಸಂಗ್ರಹ ಬ್ರಿಟನ್‌ನಲ್ಲಿ 1988ರಲ್ಲಿ ಬಂತು, ಅದರಲ್ಲಿ ಇದ್ದದ್ದು ಪೂರ್ತಿ ಡೆಟ್ರಾಯಿಟ್ ಸಂಗೀತ.

ಹಾಗೆ ನೋಡಿದರೆ ಕ್ರಾಫ್ಟ್‌ವರ್ಕ್‌ನವರೂ ಅಮೆರಿಕದ ಕಪ್ಪು ಗಾಯಕ ಜೇಮ್ಸ್ ಬ್ರೌನ್ ಅವರನ್ನು ಕೇಳಿದವರೇ. ಮಷಿನ್‌ಗಳು ಜಪಾನಿನವು, 808, 909 ಡ್ರಮ್ಸ್‌ಗೆ, 303 ಬೇಸ್‌ಗೆ. ರೋಲ್ಯಾಂಡ್‌ನ 808, 909, 303 ಮೂರೂ ಮಾರುಕಟ್ಟೆಯಲ್ಲಿ ಸೋತು, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿ, ದುಡ್ಡಿಲ್ಲದ ಹುಡುಗರ ಕೈಗೆ ಬಂದ ಮೇಲೆ ತಾನೇ ಅವುಗಳಿಗೆ ಜೀವ ಬಂದದ್ದು. ಎಲ್ಲವೂ ಕೊಟ್ಟು ತೆಗೆದುಕೊಂಡೇ ಆದದ್ದು, ಶುದ್ಧ ರಕ್ತದ ಸಂಗೀತ ಯಾವುದೂ ಇಲ್ಲ. ಆದರೆ ನನಗೆ ಅರ್ಥವಾಗದ್ದು ಒಂದಿದೆ. ಇಸ್ಕೊಂಡದ್ದನ್ನು ಡೆಟ್ರಾಯಿಟ್‌ನವರು ಹೆಸರು ಹೇಳಿ ಒಪ್ಪಿಕೊಂಡರೆ, ಆ ಒಪ್ಪಿಗೆಯನ್ನೇ ಹಿಡಿದು "ನೋಡಿ, ಇದು ಅವರದ್ದಲ್ಲ" ಅನ್ನುತ್ತೀರಿ. ನಾವು ಅವರಿಂದ ಇಸ್ಕೊಂಡದ್ದಕ್ಕೆ ಹೆಸರು ಹೇಳಿ ಅಂದರೆ "ಸಂಗೀತಕ್ಕೆ ಬಣ್ಣ ಇಲ್ಲ" ಅನ್ನುತ್ತೀರಿ. ಈ ತಕ್ಕಡಿ ಯಾವಾಗಲೂ ಒಂದೇ ಕಡೆಗೆ ವಾಲುತ್ತದಲ್ಲ, ಯಾಕೆ?

ಬರ್ಲಿನ್ ಬಗ್ಗೆಯೂ ಒಂದು ಮಾತು. 2024ರ ಮಾರ್ಚ್‌ನಲ್ಲಿ ಜರ್ಮನಿ ತನ್ನ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಬರ್ಲಿನ್‌ನ ಟೆಕ್ನೋವನ್ನು ಸೇರಿಸಿತು. ಸೇರಿಸಲಿ, ಅದಕ್ಕೆ ಅರ್ಹವೇ. ಗೋಡೆ ಬಿದ್ದ ಮೇಲೆ ಖಾಲಿ ಕಟ್ಟಡಗಳಲ್ಲಿ ಅವರು ಕಟ್ಟಿದ್ದು ಸಣ್ಣ ಕೆಲಸ ಅಲ್ಲ. ಆದರೆ ಆ ದಿನ ನಮ್ಮಲ್ಲೇ ಒಬ್ಬರು "ಕೊನೆಗೂ ಟೆಕ್ನೋ ಹುಟ್ಟಿದ ಊರಿಗೆ ಗೌರವ" ಅಂತ ಬರೆದರು, ಯಾರೂ ತಿದ್ದಲಿಲ್ಲ. 1991ರಲ್ಲಿ ಬಾಗಿಲು ತೆರೆದ ಬರ್ಲಿನ್‌ನ ಟ್ರೆಸರ್ ಕ್ಲಬ್ಬನ್ನು ನೋಡಿ. ಅದರ ಲೇಬಲ್‌ನಿಂದ ಬಂದ ಮೊದಲ ರೆಕಾರ್ಡೇ ಡೆಟ್ರಾಯಿಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನವರು ಮಾಡಿದ್ದು. ಎರಡು ವರ್ಷದ ಮೇಲೆ ಎರಡೂ ಊರಿನ ಹೆಸರನ್ನು ಜೋಡಿಸಿ ಒಂದು ಸಂಗ್ರಹವನ್ನೇ ತಂದರು. ಬರ್ಲಿನ್‌ನವರು ಆಗ ಮುಚ್ಚಿಡಲಿಲ್ಲ. ಮರೆತದ್ದು ಆಮೇಲೆ ಬಂದ ನಮ್ಮಂಥವರು.

ನಮ್ಮಂಥವರು ಅಂದೆ. ನಾನು ಬಿಳಿಯನೂ ಅಲ್ಲ, ಕಪ್ಪು ಜನಾಂಗದವನೂ ಅಲ್ಲ, ಹಾಗಾಗಿ ಈ ಜಗಳ ನನ್ನದಲ್ಲ ಅಂತ ಪಕ್ಕಕ್ಕೆ ನಿಂತಿದ್ದೆ. ನನ್ನ ಹಾಗೆ ನಿಂತ ಭಾರತದವರು ಇನ್ನೂ ಕೆಲವರಿದ್ದರು. ಆದರೆ ನಮ್ಮ ವಿಷಯ ಬಂದಾಗ ನಾವು ಹಾಗೆ ನಿಲ್ಲುವುದಿಲ್ಲ. ಮುಂಬೈಯ ಚರಣ್‌ಜಿತ್ ಸಿಂಗ್ ಹೆಸರು ಬಂದರೆ ಸಾಕು, ಎದೆ ಉಬ್ಬುತ್ತದೆ. ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಅವರು 1982ರಲ್ಲಿ ಅದೇ 303, ಅದೇ 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತಂದಿದ್ದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಹೊರಗೆ ಬಂದಾಗ ಕೇಳಿದವರು ಬೆಚ್ಚಿಬಿದ್ದರು, ಥೇಟ್ ಆ್ಯಸಿಡ್ ಹೌಸ್, ಅಂದರೆ 303ರ ತಿರುಚಿದ ಸದ್ದಿನ ಹೌಸ್. ಶಿಕಾಗೋದ ಫ್ಯೂಚರ್ ತಂಡ ಅದೇ 303 ತಿರುಚಿ ಆ್ಯಸಿಡ್ ಶುರು ಮಾಡಿದ್ದು 1987ರಲ್ಲಿ ಬಂದ ರೆಕಾರ್ಡ್‌ನಿಂದ. ಶಿಕಾಗೋದವರು ಸಿಂಗ್ ಅವರನ್ನು ಕೇಳಿದ್ದರು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಅಲ್ಲಿಗೆ ಬಂದರು. ಆದರೂ "ಆ್ಯಸಿಡ್ ಹೌಸ್ ಕಂಡುಹಿಡಿದದ್ದು ಭಾರತೀಯ" ಅಂತ ನಾನೇ ಎಷ್ಟು ಸಲ ಹೇಳಿಲ್ಲ! ಆಗ ಸಂಗೀತಕ್ಕೆ ಬಣ್ಣ, ದೇಶ ಎಲ್ಲ ಇತ್ತು ನೋಡಿ.

ಇನ್ನೊಂದು ಇದೆ. ದುಡ್ಡು ಕೊಟ್ಟು ತಂದ ಸ್ಯಾಂಪಲ್ ಪ್ಯಾಕ್ ಬಿಚ್ಚುತ್ತೇವೆ. ಡ್ರಮ್ಸ್, ಬೇಸ್, ಸಿಂತ್, ಎಫ್‌ಎಕ್ಸ್, ಎಲ್ಲ ಅಚ್ಚುಕಟ್ಟು. ಕೊನೆಗೆ "ಎಥ್ನಿಕ್" ಅಂತ ಒಂದು ಫೋಲ್ಡರ್, ಅದರೊಳಗೆ ತಬಲಾ, ಸಿತಾರ್, ಔದ್, ಆಫ್ರಿಕಾದ ಡ್ರಮ್, ಯಾವುದೋ ಹೆಂಗಸಿನ ಆಲಾಪ, ಎಲ್ಲ ಒಂದೇ ಗೋಣಿಚೀಲದಲ್ಲಿ ತುಂಬಿದ ಹಾಗೆ. ಒಂದು ಸಲ ಅದರಲ್ಲಿ "ಟ್ರೈಬಲ್ ಚಾಂಟ್ 07" ಅಂತ ಒಂದು ಫೈಲ್ ಕೇಳಿದರೆ, ಅದು ಸಂಸ್ಕೃತದ ಶ್ಲೋಕ, ನಡುವಿನಿಂದ ಕತ್ತರಿಸಿದ್ದು. ಮೈ ಉರಿದುಹೋಯಿತು. ಆ ಸಿಟ್ಟನ್ನು ಬಳಗದಲ್ಲಿ ತೋಡಿಕೊಂಡೆ. ನೀವೆಲ್ಲ ನನ್ನ ಪರ ನಿಂತಿರಿ, "ಛೇ, ಎಂಥ ಅವಮಾನ" ಅಂದಿರಿ. ಯಾರೂ ನನಗೆ ಕಿವಿಗೆ ಬಣ್ಣ ಕಾಣಲ್ಲ ಅನ್ನಲಿಲ್ಲ. ಈಗ ಬಳಗ ಬಿಟ್ಟು ಹೋದ ಆ ಹಿರಿಯರೂ ಅವತ್ತು ನನ್ನ ಪರವೇ ಇದ್ದರು. ಅವರ ಮಾತಿನ ಸರದಿ ಬಂದಾಗ ನಾನು ಕಂಡೂ ಕಾಣದವನ ಹಾಗೆ ಕೂತೆ.

ಅಂದ ಮಾತ್ರಕ್ಕೆ ನಮ್ಮ ಈಚೆ ಬದಿಯವರು, ಅಂದರೆ "ಇತಿಹಾಸ ಹೇಳಿ" ಅನ್ನುವವರು, ಎಲ್ಲ ಸರಿ ಅಂತ ಅಲ್ಲ. ಹದಿನೇಳು ವರ್ಷದ ಹುಡುಗ ಮೊದಲ ಟ್ರ್ಯಾಕ್ ಕಳಿಸಿದರೆ ಅವನ ಮೇಲೆ ಇತಿಹಾಸ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಸೆಯುವವರು ನಮ್ಮಲ್ಲಿದ್ದಾರೆ. ಕಪ್ಪು ಜನರ ಪರವಾಗಿ ಕಪ್ಪು ಜನರಿಗಿಂತ ಜೋರಾಗಿ ಕೂಗಿ, ಕೊನೆಗೆ ಅವರಿಗೇ ಮಾತಾಡಲು ಜಾಗ ಇಲ್ಲದ ಹಾಗೆ ಮಾಡುವವರೂ ಇದ್ದಾರೆ. ಆ ಜಗಳದಲ್ಲೇ ಒಬ್ಬರು "ಹುತ್ತ ಕಟ್ಟಿದ್ದು ಗೆದ್ದಲು, ಸೇರಿಕೊಂಡದ್ದು ಹಾವು" ಅನ್ನುವ ಗಾದೆಯನ್ನು ನನಗೆ ಖಾಸಗಿಯಾಗಿ ಕಳಿಸಿದರು. ಕೇಳಲು ಚೆನ್ನಾಗಿದೆ. ಆದರೆ ಬಿಳಿಯರೆಲ್ಲ ಹಾವು ಅಂದರೆ ಟ್ರೆಸರ್‌ನವರನ್ನು ಎಲ್ಲಿಡುತ್ತೀರಿ? ನಾನು ಯಾವ ಪ್ರಾಣಿ?

2020 ನೆನಪಿದೆ ಅಲ್ವಾ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕೊಲೆಯಾದ ಮೇಲೆ ಜೂನ್ 2ರಂದು ಎಲ್ಲರೂ ಸೋಶಿಯಲ್ ಮೀಡಿಯಾದಲ್ಲಿ ಕಪ್ಪು ಚೌಕ ಹಾಕಿದರು. ನಾನೂ ಹಾಕಿದೆ, ಅರ್ಧ ನಿಮಿಷದ ಕೆಲಸ. ಮುಂದಿನ ತಿಂಗಳು ಡೇವ್ ಲೀ ಅನ್ನುವ ಬಿಳಿ ಬ್ರಿಟಿಷ್ ಡಿಜೆ ತಾನು ವರ್ಷಗಳಿಂದ ಇಟ್ಟುಕೊಂಡಿದ್ದ ಜೋಯಿ ನೀಗ್ರೋ ಅನ್ನುವ ಹೆಸರನ್ನು ಬಿಟ್ಟರು. ಬ್ಲ್ಯಾಕ್ ಮಡೋನಾ ಅನ್ನುವ ಹೆಸರಿನ ಬಿಳಿ ಡಿಜೆ, ಬ್ಲೆಸ್ಡ್ ಮಡೋನಾ ಆದರು. ಹೆಸರು ಬಿಟ್ಟದ್ದು ಒಳ್ಳೆಯದೇ, ನಾನು ಕೊಂಕು ಆಡುತ್ತಿಲ್ಲ. ಆದರೆ ನಮ್ಮ ಬಳಗದಲ್ಲಿ ವಾರಗಟ್ಟಲೆ ಮಾತಾಡಿದ್ದು ಬರೀ ಆ ಎರಡು ಹೆಸರುಗಳ ಬಗ್ಗೆ. ಲೈನ್‌ಅಪ್‌ನಲ್ಲಿ ಯಾರಿದ್ದಾರೆ, ರಾಯಲ್ಟಿ ಯಾರ ಕೈಗೆ ಹೋಗುತ್ತಿದೆ ಅನ್ನುವ ಮಾತು ಎತ್ತಿದವರಿಗೆ ಉತ್ತರ ಕೊಡುವಷ್ಟರಲ್ಲಿ ನಮಗೆ ಸುಸ್ತಾಗಿತ್ತು.

ಹಾಗಾದರೆ ನಿನಗೆ ಬೇಕಾದ್ದೇನು ಅಂತ ಕೇಳುತ್ತೀರಿ. ಬಿಳಿಯರು ಟೆಕ್ನೋ ಮಾಡಬಾರದು ಅಂತ ಆ ಹಿರಿಯರು ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಯಾರು ಬೇಕಾದರೂ ನುಡಿಸಲಿ. ಬೇಕಾದ್ದು ಸಣ್ಣದು, ಆದರೆ ಬೇಜಾರು ಹಿಡಿಸುವ ಕೆಲಸ. ಪಟ್ಟಿ ಮಾಡುವಾಗ ಇನ್ನೊಂದು ಸಲ ನೋಡುವುದು. ಸ್ಯಾಂಪಲ್ ಎತ್ತಿದಾಗ ಅದು ಯಾರ ಕೈ, ಯಾರ ಗಂಟಲು ಅಂತ ಹುಡುಕಿ ಬರೆಯುವುದು. ಅವರು ಬದುಕಿದ್ದರೆ, ಅವರದ್ದೊಂದು ರೆಕಾರ್ಡ್ ದುಡ್ಡು ಕೊಟ್ಟು ಕೊಳ್ಳುವುದು. ಒಬ್ಬರು ಮೆತ್ತಗೆ ಒಂದು ತಪ್ಪು ತೋರಿಸಿದರೆ, ಮುನ್ನೂರು ಜನ ಸೇರಿ ಅವರಿಗೆ ಪಾಠ ಹೇಳದೆ ಇರುವುದು.

ಪಟ್ಟಿ ಮಾಡಿದವರಿಗೆ ಒಂದು ಮಾತು. ನೀವು ಬೇಕಂತ ಬಿಟ್ಟಿರಲಾರಿರಿ, ನಿಮಗೆ ಸಿಕ್ಕ ಮೊದಲ ಟೆಕ್ನೋ ಅಂಥದ್ದೇ ಇದ್ದಿರಬೇಕು. ನನಗೂ ಹಾಗೇ ಸಿಕ್ಕಿತ್ತು. ಪಟ್ಟಿ ಇನ್ನೂ ಹಾಗೇ ಇದೆ, ತಿದ್ದಬಹುದು.

ನಾನು ಬಾಕಿ ಉಳಿಸಿಕೊಂಡಿದ್ದ ಪ್ರಶ್ನೆಗೆ ಉತ್ತರ ಹುಡುಕಿದೆ, ಆರು ವರ್ಷ ತಡವಾಗಿ. ಹತ್ತು ನಿಮಿಷ ಹಿಡಿಯಿತು, ಅದೇ ನಾಚಿಕೆ. ಅಮೆನ್ ಬ್ರೇಕ್ ಬಂದದ್ದು 1969ರಲ್ಲಿ, ದಿ ವಿನ್‌ಸ್ಟನ್ಸ್ ಅನ್ನುವ ಬ್ಯಾಂಡಿನ ಒಂದು ರೆಕಾರ್ಡ್‌ನ ಬಿ ಸೈಡಿನಿಂದ. ಕಪ್ಪು ಜನರೂ ಬಿಳಿಯರೂ ಕೂಡಿ ನುಡಿಸುತ್ತಿದ್ದ ಬ್ಯಾಂಡ್ ಅದು, ಅದೇ ಕಾರಣಕ್ಕೆ ಅಮೆರಿಕದ ದಕ್ಷಿಣದಲ್ಲಿ ಅವರಿಗೆ ಕಾರ್ಯಕ್ರಮ ಸಿಗುವುದು ಕಷ್ಟವಾಗುತ್ತಿತ್ತು. ಡ್ರಮ್ಸ್ ಒಂದೇ ಉಳಿಯುವ ಆ ಜಾಗ ಏಳು ಸೆಕೆಂಡೂ ಇರಲಿಕ್ಕಿಲ್ಲ, ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು). ಆ ನಾಲ್ಕು ಬಾರ್ ಮೇಲೆ ಸಾವಿರಾರು ಟ್ರ್ಯಾಕ್‌ಗಳು ನಿಂತಿವೆ. ಬ್ಯಾಂಡಿನ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ ಅದರಿಂದ ದಶಕಗಟ್ಟಲೆ ಒಂದು ಕಾಸೂ ಬರಲಿಲ್ಲ. 2015ರಲ್ಲಿ ಒಬ್ಬ ಬ್ರಿಟಿಷ್ ಡಿಜೆ ಚಂದಾ ಎತ್ತಿ 24,000 ಪೌಂಡ್ ಅವರ ಕೈಗೆ ಮುಟ್ಟಿಸಿದರು. (ಚಂದಾ ಕೊಟ್ಟವರಲ್ಲಿ ಎಲ್ಲ ಬಣ್ಣದವರೂ ಇದ್ದಿರಬೇಕು.) ಡ್ರಮ್ಸ್ ನುಡಿಸಿದವರಿಗೆ ಅದೂ ಸಿಗಲಿಲ್ಲ. ಅವರು 2006ರಲ್ಲೇ ಅಟ್ಲಾಂಟಾದಲ್ಲಿ ಇರಲು ಮನೆಯಿಲ್ಲದ ಸ್ಥಿತಿಯಲ್ಲಿ ತೀರಿಕೊಂಡಿದ್ದರು. ತನ್ನ ಕೈಯ ಆ ಏಳು ಸೆಕೆಂಡು ಲೋಕದಲ್ಲಿ ಏನು ಮಾಡಿತು ಅನ್ನುವುದು ಅವರಿಗೆ ಗೊತ್ತಾಗದೇ ಹೋಗಿರಬಹುದು ಅಂತ ಸ್ಪೆನ್ಸರ್ ಅವರಿಗೆ ಅನ್ನಿಸುತ್ತಿತ್ತು.

ನಿನ್ನೆ ರಾತ್ರಿ ಆ ಹಳೇ ಟ್ರ್ಯಾಕಿನ ವಿವರ ತೆರೆದೆ. ನನ್ನ ಹೆಸರು ಮೂರು ಕಡೆ ಇತ್ತು. ಒಂದು ಸಾಲು ಸೇರಿಸಿ, ಅದರ ಲಿಂಕನ್ನು ಆ ಹಿರಿಯರಿಗೆ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ, ಬರಬೇಕು ಅಂತಲೂ ಇಲ್ಲ. ಸಾಲು ಇಷ್ಟೇ:

ಡ್ರಮ್ಸ್: ಗ್ರೆಗರಿ ಕೋಲ್‌ಮನ್, 1969.